ರಿಪೇರಿಯಾದ ಹಳೆಯ ಯಂತ್ರಗಳಲ್ಲಿ ಹೈಡ್ರಾಲಿಕ್ ದೋಷಗಳನ್ನು ಕಂಡುಹಿಡಿಯುವ ಕ್ರಮ

ಮಂಡ್ಯ, ಮದ್ದೂರು ಮತ್ತು ಮಳವಳ್ಳಿ ತಾಲ್ಲೂಕುಗಳಲ್ಲಿ ಕಾಲುವೆಯ ನೀರು ನಿಂತ ಮೇಲೆ ಪುನಃ ನೀರು ಬಿಡುವುದರೊಳಗಾಗಿ ಮುಗಿಯಬೇಕಾದ ಕೆಲಸಗಳು ಅನೇಕವಾಗಿರುವುವು. ಕೆರೆಗಳ ಹೂಳನ್ನು ತೆಗೆದು ಹೊಲಗಳಿಗೆ ಹೊಡೆಯುವುದು, ಹೊಲಗಾಲುವೆಗಳನ್ನು ತೋಡುವುದು, ಏರುತಗ್ಗಾದ ಜಮೀನನ್ನು ಮಟ್ಟಮಾಡುವುದು, ಕಬ್ಬಿನ ಕೂಳೆಯನ್ನು ಕಿತ್ತು ಆಳವಾಗಿ ಉಳುವುದು, ಇವೆಲ್ಲವೂ ಕೆಲವೇ ವಾರಗಳಲ್ಲಿ ಆಗತಕ್ಕವು. ವಿಶ್ವೇಶ್ವರಯ್ಯ ನಾಲೆಯ ಕೊನೆಯ ಭಾಗದಲ್ಲಿರುವ ಮದ್ದೂರು ಮತ್ತು ಮಳವಳ್ಳಿಯ ರೈತರಿಗಂತೂ ಈ ಕಾಲವು ಬಹು ಮುಖ್ಯವಾದುದು. ಕಾಲುವೆಯು ಹೂಳಿನಿಂದ ತುಂಬಿದ್ದರೆ ಮೇಲಿನವರಿಗಿಂತ ಮೊದಲು ಕೊನೆಯವರ ಗದ್ದೆಗೇ ನೀರು ತಪ್ಪುವುದೆಂಬುದನ್ನು ಎಲ್ಲರೂ ಬಲ್ಲರು.

ಹಿಂದೆ ಗುದ್ದಲಿ ಮಂಕರಿಗಳಿಂದ ಊರಿಗೆ ಊರೇ ಕೂಡಿ ಮಾಡುತ್ತಿದ್ದ ಈ ಕೆಲಸವನ್ನು ಈಗ ಜೆ.ಸಿ.ಬಿ. ಎಂದು ಎಲ್ಲರೂ ಕರೆಯುವ ಅಗೆಯುವ ಯಂತ್ರಗಳಿಂದಲೂ ಟ್ರಾಕ್ಟರುಗಳಿಂದಲೂ ಮಾಡಿಸುತ್ತಿರುವರು. ಹೊಸ ಯಂತ್ರದ ಬೆಲೆಯು ಹೆಚ್ಚಾದ್ದರಿಂದ ಅನೇಕ ಜಮೀನುದಾರರು ಹತ್ತಾರು ಸಾವಿರ ಗಂಟೆ ಕೆಲಸಮಾಡಿದ ಹಳೆಯ ಯಂತ್ರವನ್ನು ಕೊಂಡು, ಪಂಪು, ವಾಲ್ವು, ಸಿಲಿಂಡರುಗಳನ್ನು ಬಿಚ್ಚಿಸಿ ಹೊಸ ಸೀಲುಗಳನ್ನು ಹಾಕಿಸಿ ನಡೆಯಿಸುವುದುಂಟು. ಇದು ಆಕ್ಷೇಪಿಸತಕ್ಕ ವಿಷಯವಲ್ಲ. ಆದರೆ ಇಂತಹ ರಿಪೇರಿಯಾದ ಮೊದಲ ಕೆಲವು ದಿನಗಳಲ್ಲಿಯೇ ಯಂತ್ರವು ಎತ್ತದೆ, ಅಥವಾ ಎತ್ತಿದ್ದನ್ನು ಹಿಡಿದು ನಿಲ್ಲದೆ ತೊಂದರೆಕೊಡುವುದು ಸಾಮಾನ್ಯ. ಆಗ ಕಾರಣವನ್ನು ವಿಚಾರಿಸದೆ ಒಂದಾದ ಮೇಲೊಂದು ಭಾಗವನ್ನು ಬದಲಾಯಿಸುತ್ತ ಹೋದರೆ ಹಣವೂ ಕಾಲವೂ ವ್ಯರ್ಥವಾಗುವುವು. ಯಜಮಾನನು ಸ್ವತಃ ಸ್ಪ್ಯಾನರು ಹಿಡಿಯಬೇಕೆಂಬುದು ಈ ಲೇಖನದ ಉದ್ದೇಶವಲ್ಲ. ಮೆಕ್ಯಾನಿಕ್ಕನು ಹೇಳುವ ಮಾತು ಸರಿಯೋ ತಪ್ಪೋ ಎಂಬುದನ್ನು ತೂಗಿ ನೋಡುವ ತಿಳಿವಳಿಕೆಯು ಯಜಮಾನನಿಗಿರಬೇಕೆಂಬುದೇ ಉದ್ದೇಶವು.

೧. ಏರ್ಪಾಡಿನ ಸ್ವರೂಪ

ಮುಚ್ಚಿದ ಪಾತ್ರೆಯಲ್ಲಿರುವ ದ್ರವಪದಾರ್ಥವನ್ನು ಒಂದು ಕಡೆ ಒತ್ತಿದರೆ ಆ ಒತ್ತಡವು ಎಲ್ಲ ಕಡೆಗೂ ಸಮನಾಗಿ ಹರಡುವುದೆಂದು ೧೭ನೆಯ ಶತಮಾನದಲ್ಲಿ ಫ್ರಾನ್ಸ್ ದೇಶದ ಪಾಸ್ಕಲ್ ಎಂಬ ಪಂಡಿತನು ತೋರಿಸಿದನು. ಈ ತತ್ತ್ವವನ್ನು ಬಳಸಿ ೧೭೯೫ರಲ್ಲಿ ಇಂಗ್ಲೆಂಡಿನ ಜೋಸೆಫ್ ಬ್ರಾಮಾ ಎಂಬುವನು ಹೈಡ್ರಾಲಿಕ್ ಪ್ರೆಸ್ಸಿಗೆ ಪೇಟೆಂಟು ಪಡೆದನು. ಇಂದಿನ ಅಗೆಯುವ ಯಂತ್ರದಲ್ಲಿರುವುದೂ ಅದೇ ತತ್ತ್ವವೇ. ಟ್ಯಾಂಕಿನ ತೈಲವನ್ನು ಪಂಪು ಎಳೆದು ವಾಲ್ವಿಗೆ ತಳ್ಳುವುದು. ಆಪರೇಟರು ಲಿವರನ್ನು ಸರಿಸಿದಂತೆ ವಾಲ್ವಿನೊಳಗಿನ ಸ್ಪೂಲು ಜರುಗಿ ತೈಲವನ್ನು ಬೇಕಾದ ಸಿಲಿಂಡರಿಗೆ ಕಳುಹಿಸುವುದು. ಸಿಲಿಂಡರಿನ ಪಿಸ್ಟನ್ನು ರಾಡನ್ನು ತಳ್ಳಿ ಬಕೆಟ್ಟನ್ನು ಎತ್ತುವುದು. ಕೆಲಸ ಮುಗಿಸಿದ ತೈಲವು ಫಿಲ್ಟರಿನ ಮೂಲಕ ಟ್ಯಾಂಕಿಗೆ ಹಿಂದಿರುಗುವುದು.

ಬಲವು ಎಷ್ಟಿರುವುದೆಂಬುದಕ್ಕೆ ಒಂದು ಲೆಕ್ಕವನ್ನು ನೋಡಬಹುದು. ೧೦ ಸೆಂಟಿಮೀಟರು ಒಳವ್ಯಾಸವುಳ್ಳ ಸಿಲಿಂಡರಿನ ಪಿಸ್ಟನ್ನಿನ ವಿಸ್ತೀರ್ಣವು ಸುಮಾರು ೭೮ ೧/೨ ಚದರ ಸೆಂಟಿಮೀಟರು. ಪ್ರತಿ ಚದರ ಸೆಂಟಿಮೀಟರಿಗೆ ೨೦೦ ಕಿಲೋಗ್ರಾಂ ಒತ್ತಡವಿದ್ದರೆ ರಾಡಿನ ಮೇಲೆ ಬೀಳುವ ಬಲವು ೧೫,೭೦೦ ಕಿಲೋಗ್ರಾಂ, ಅಂದರೆ ಹದಿನೈದೂವರೆ ಟನ್ನಿಗೂ ಹೆಚ್ಚು. ಕಾಣುವುದಕ್ಕೆ ಸಾಧಾರಣವಾದ ರಬ್ಬರು ಹೋಸಿನೊಳಗೆ ಇಷ್ಟು ಶಕ್ತಿಯು ಅಡಗಿದೆಯೆಂಬುದನ್ನು ಯಾವಾಗಲೂ ಮರೆಯಬಾರದು.

ಇಲ್ಲಿ ಒಂದು ಸೂತ್ರವನ್ನು ನೆನಪಿನಲ್ಲಿಡತಕ್ಕದ್ದು. ಕೈಯು ಎಷ್ಟು ವೇಗವಾಗಿ ಚಲಿಸುವುದೆಂಬುದು ಪಂಪು ಕಳುಹಿಸುವ ತೈಲದ ಪ್ರಮಾಣವನ್ನು ಅವಲಂಬಿಸಿದೆ. ಎಷ್ಟು ಭಾರವನ್ನು ಎತ್ತುವುದೆಂಬುದು ಒತ್ತಡವನ್ನು ಅವಲಂಬಿಸಿದೆ. ಬರಿದಾಗಿದ್ದಾಗ ಚುರುಕಾಗಿ ಚಲಿಸಿ, ಭಾರ ಬಿದ್ದೊಡನೆ ನಿಲ್ಲುವ ಯಂತ್ರದಲ್ಲಿ ಒತ್ತಡದ ದೋಷವಿರುವುದು. ಬರಿದಾಗಿದ್ದಾಗಲೂ ನಿಧಾನವಾಗಿರುವ ಯಂತ್ರದಲ್ಲಿ ಪ್ರಮಾಣದ ದೋಷವಿರುವುದು. ಈ ಎರಡನ್ನು ಬೇರ್ಪಡಿಸದೆ ‘ಯಂತ್ರಕ್ಕೆ ಪವರ್ ಇಲ್ಲ’ ಎಂದಷ್ಟೇ ಹೇಳಿದರೆ ಮೆಕ್ಯಾನಿಕ್ಕನಿಗೂ ದಾರಿ ತೋರದು.

೨. ರಿಪೇರಿಯಾದ ಮೇಲೆ ದೋಷಗಳು ಹುಟ್ಟುವ ಕಾರಣ

ಪಂಪು ಮತ್ತು ವಾಲ್ವುಗಳ ಒಳಭಾಗದಲ್ಲಿ ಒಂದಕ್ಕೊಂದು ಉಜ್ಜುವ ಮೈಗಳ ನಡುವಣ ಸಂದು ಮಿಲಿಮೀಟರಿನ ಸಾವಿರದ ಕೆಲವೇ ಭಾಗಗಳಷ್ಟು. ಸಾವಿರದಲ್ಲೊಂದು ಭಾಗಕ್ಕೆ ಮೈಕ್ರಾನ್ ಎಂದು ಹೆಸರು. ಮನುಷ್ಯನ ತಲೆಗೂದಲಿನ ದಪ್ಪವು ಸುಮಾರು ೭೦ ಮೈಕ್ರಾನ್. ಬರಿಗಣ್ಣಿಗೆ ಕಾಣುವ ಕಣವು ಸುಮಾರು ೪೦ ಮೈಕ್ರಾನಿಗಿಂತ ಕಡಿಮೆಯಿರಲಾರದು. ಹಾಗಾದ್ದರಿಂದ ಕಣ್ಣಿಗೆ ಶುದ್ಧವಾಗಿ ಕಾಣುವ ತೈಲದಲ್ಲಿಯೂ ಪಂಪನ್ನು ಹಾಳುಮಾಡುವಷ್ಟು ಧೂಳು ಇರಬಹುದು. ರಸ್ತೆಯ ಬದಿಯ ಷೆಡ್ಡಿನಲ್ಲಿ, ಗಾಳಿಗೆ ಧೂಳು ಹಾರುತ್ತಿರುವಾಗ, ಹಳೆಯ ಬನಿಯನ್ ಬಟ್ಟೆಯಿಂದ ಒರೆಸಿ ಜೋಡಿಸಿದ ವಾಲ್ವಿನಲ್ಲಿ ಒಂದು ನೂಲಿನ ಎಳೆ ಉಳಿದರೂ ರಿಲೀಫ್ ವಾಲ್ವು ಮುಚ್ಚಿಕೊಳ್ಳದೆ ನಿಲ್ಲುವುದುಂಟು.

ಎರಡನೆಯ ಕಾರಣವು ಇದಕ್ಕಿಂತಲೂ ಹಾನಿಕರವಾದುದು. ಹಳೆಯ ಪಂಪು ಒಳಗೆ ಸವೆದು ಒಡೆದಾಗ ಅದರ ಲೋಹದ ಚೂರುಗಳು ಹೋಸುಗಳಿಗೂ, ಕೂಲರಿಗೂ, ಸಿಲಿಂಡರುಗಳಿಗೂ ಹೋಗಿ ಸೇರಿರುವುವು. ಪಂಪನ್ನು ಮಾತ್ರ ಬದಲಾಯಿಸಿ ಉಳಿದುವನ್ನು ತೊಳೆಯದೆ ಬಿಟ್ಟರೆ ಆ ಚೂರುಗಳೇ ತಿರುಗಿ ಬಂದು ಹೊಸ ಪಂಪನ್ನೂ ಕೆಡಿಸುವುವು. ಹೊಸ ಹೋಸನ್ನು ಕತ್ತರಿಸುವಾಗ ಉಜ್ಜುಗಲ್ಲಿನ ಚಕ್ರದಿಂದ ಬಿದ್ದ ರಬ್ಬರು ಮತ್ತು ಕಲ್ಲಿನ ಪುಡಿಯನ್ನು ಊದಿ ತೆಗೆಯದಿದ್ದರೂ ಇದೇ ಫಲವು.

ಮೂರನೆಯದಾಗಿ, ಸೀಲಿನ ತುಟಿಯನ್ನು ಹಿಂದುಮುಂದಾಗಿ ಕೂಡಿಸುವುದು, ಎಡಕ್ಕೆ ತಿರುಗಬೇಕಾದ ಪಂಪಿನ ಬದಲು ಬಲಕ್ಕೆ ತಿರುಗುವ ಪಂಪನ್ನು ಹಾಕುವುದು, ಎರಡು ಹೋಸುಗಳನ್ನು ಅದಲುಬದಲಾಗಿ ಜೋಡಿಸುವುದು ಮೊದಲಾದವು. ಇವು ಜೋಡಣೆಯ ದೋಷಗಳಾದ್ದರಿಂದ ಮೊದಲ ದಿನವೇ ಕಾಣಿಸಿಕೊಳ್ಳುವುವು. ಕೆಲವು ದಿನ ಚೆನ್ನಾಗಿ ನಡೆದು ಆಮೇಲೆ ಕೆಟ್ಟ ಯಂತ್ರದಲ್ಲಿ ಇವನ್ನು ಹುಡುಕಬೇಕಾದುದಿಲ್ಲ. ಅಲ್ಲಿ ಕೊಳೆ, ಗಾಳಿ, ಅಥವಾ ಸವಕಳಿಯನ್ನು ಶಂಕಿಸತಕ್ಕದ್ದು.

೩. ಮೊದಲ ಸಲ ನಡೆಯಿಸುವ ಕ್ರಮ

ಒಣಗಿದ ಪಂಪನ್ನು ಎಂದಿಗೂ ತಿರುಗಿಸಬಾರದು. ತೈಲವಿಲ್ಲದೆ ಅರ್ಧ ನಿಮಿಷ ತಿರುಗಿದರೂ ಹೊಸದಾಗಿ ಕೂಡಿಸಿದ ಪಂಪಿನ ಒಳಮೈ ಗೀರುಬೀಳುವ ಸಂಭವವಿದೆ. ಆದಕಾರಣ ಪಂಪಿಗೂ, ಟ್ಯಾಂಕಿನಿಂದ ಪಂಪಿಗೆ ಬರುವ ಎಳೆಹೋಸಿಗೂ ಶುದ್ಧ ತೈಲವನ್ನು ತುಂಬಿ, ಎಂಜಿನ್ನು ಹತ್ತದಂತೆ ಡೀಸೆಲ್ ನಿಲ್ಲಿಸಿ ಕೆಲವು ಸುತ್ತು ತಿರುಗಿಸಿದ ಮೇಲೆಯೇ ಚಾಲೂ ಮಾಡತಕ್ಕದ್ದು. ತರುವಾಯ ಕಡಿಮೆ ವೇಗದಲ್ಲಿ ಐದು ನಿಮಿಷ ಬಿಟ್ಟು, ಒಂದೊಂದು ಲಿವರನ್ನೂ ಮೆಲ್ಲಗೆ ಸರಿಸಿ, ಬಕೆಟ್ಟು ಬರಿದಾಗಿರುವಾಗ ಪ್ರತಿಯೊಂದು ಸಿಲಿಂಡರನ್ನೂ ಐದಾರು ಸಲ ಚಾಚಿ ಮಡಿಸಬೇಕು. ಮೊದಲ ಕೆಲವು ಸಲ ಕೊನೆಯ ತನಕ ಹೋಗದೆ ಸ್ವಲ್ಪ ಮುಂಚೆಯೇ ನಿಲ್ಲಿಸುವುದು ಒಳ್ಳೆಯದು. ಒಳಗೆ ಸಿಕ್ಕಿದ ಗಾಳಿಯನ್ನು ಒಮ್ಮೆಲೇ ಒತ್ತಿದರೆ ಡೀಸೆಲ್ ಎಂಜಿನ್ನಿನಲ್ಲಿ ಆಗುವಂತೆ ಕಾವು ಹುಟ್ಟಿ ತೈಲದ ಆವಿ ಹೊತ್ತಿಕೊಂಡು ಹೊಸ ಸೀಲು ಸುಟ್ಟುಹೋಗಬಹುದು.

ಸಿಲಿಂಡರುಗಳು ತುಂಬಿದಂತೆ ಟ್ಯಾಂಕಿನ ಮಟ್ಟವು ಇಳಿಯುವುದರಿಂದ ಪುನಃ ತೈಲವನ್ನು ಹಾಕತಕ್ಕದ್ದು. ಮಟ್ಟವನ್ನು ನೋಡುವಾಗ ಕೈಗಳೂ ಬಕೆಟ್ಟೂ ಯಾವ ಸ್ಥಿತಿಯಲ್ಲಿರಬೇಕೆಂದು ಯಂತ್ರದ ಪುಸ್ತಕದಲ್ಲಿ ಹೇಳಿರುವುದೋ ಅದೇ ಸ್ಥಿತಿಯಲ್ಲಿಡಬೇಕು. ಸಿಲಿಂಡರುಗಳು ಚಾಚಿರುವಾಗ ಟ್ಯಾಂಕನ್ನು ಪೂರ್ತಿ ತುಂಬಿದರೆ, ಮಡಿಸಿದಾಗ ತೈಲವು ಹೊರಕ್ಕೆ ಉಕ್ಕುವುದು.

ಡ್ರಮ್ಮಿನ ಹೊಸ ತೈಲವೂ ಶುದ್ಧವೆಂದು ನಂಬಬಾರದು. ಅದನ್ನು ಫಿಲ್ಟರಿರುವ ಕೈಪಂಪಿನಿಂದ ಹಾಕುವುದು ಉತ್ತಮ. ಧೂಳು ಹಿಡಿದ ತಗಡಿನ ಡಬ್ಬ ಮತ್ತು ಆಲಿಕೆಗಳಿಂದ ಸುರಿಯುವುದು ಸರ್ವಥಾ ಕೂಡದು. ಡ್ರಮ್ಮನ್ನು ಬಯಲಿನಲ್ಲಿ ನೆಟ್ಟಗೆ ನಿಲ್ಲಿಸಿದರೆ ಅದರ ತಲೆಯ ಮೇಲೆ ಮಳೆಯ ನೀರು ನಿಂತು, ಹಗಲು ಕಾದ ಡ್ರಮ್ಮು ರಾತ್ರಿ ತಣ್ಣಗಾದಾಗ ಆ ನೀರನ್ನು ಮುಚ್ಚಳದ ಸಂದಿನಿಂದ ಒಳಕ್ಕೆ ಎಳೆದುಕೊಳ್ಳುವುದು. ಆದ್ದರಿಂದ ಸೂರಿನ ಕೆಳಗೆ, ಎರಡು ಮುಚ್ಚಳಗಳೂ ಒಂದೇ ಮಟ್ಟದಲ್ಲಿ ಬರುವಂತೆ ಮಲಗಿಸಿಡಬೇಕು. ಇನ್ನು ಮೊದಲ ೧೦ ಗಂಟೆಗಳ ಕೆಲಸವಾದ ಮೇಲೆ ಫಿಲ್ಟರನ್ನು ತೆಗೆದು ನೋಡಿ, ೫೦ ಗಂಟೆಗಳೊಳಗಾಗಿ ಬದಲಾಯಿಸತಕ್ಕದ್ದು. ತೆಗೆದ ಫಿಲ್ಟರನ್ನು ಎಸೆಯದೆ ಸೀಳಿ ಪರೀಕ್ಷಿಸಿದರೆ ಅದೇ ಸಾಕ್ಷಿ ಹೇಳುವುದು: ಹಿತ್ತಾಳೆಯಂತೆ ಹೊಳೆಯುವ ಪುಡಿಯು ಪಂಪಿನ ಬುಷ್ಷಿನ ಸವೆತವನ್ನೂ, ಕಪ್ಪು ರಬ್ಬರಿನ ಚೂರು ಸೀಲು ಅಥವಾ ಹೋಸಿನ ಒಳಪದರದ ಕೇಡನ್ನೂ, ಅಯಸ್ಕಾಂತಕ್ಕೆ ಅಂಟುವ ಪುಡಿಯು ಉಕ್ಕಿನ ಭಾಗದ ಸವೆತವನ್ನೂ ಸೂಚಿಸುವುದು.

೪. ದೋಷವನ್ನು ಹುಡುಕುವ ಮುಖ್ಯ ನಿಯಮ

ಊರಿನ ನೀರುಗಂಟಿಯು ಗದ್ದೆಗೆ ನೀರು ಬಾರದಿದ್ದಾಗ ಏನು ಮಾಡುವನು? ಒಂದೇ ಗದ್ದೆಗೆ ನೀರು ಬಾರದಿದ್ದರೆ ಆ ಗದ್ದೆಯ ಕಾಲುವೆಯನ್ನು ನೋಡುವನು; ಇಡೀ ಬಯಲಿಗೇ ನೀರು ಬಾರದಿದ್ದರೆ ತೂಬಿನ ಬಳಿಗೆ ಹೋಗುವನು. ಒಂದೊಂದು ಗದ್ದೆಯ ಬದುವನ್ನೂ ಅಗೆದು ನೋಡುತ್ತ ಹೊತ್ತು ಕಳೆಯುವುದಿಲ್ಲ. ಹೈಡ್ರಾಲಿಕ್ ಯಂತ್ರದ ಪರೀಕ್ಷೆಯೂ ಹೀಗೆಯೇ. ಎಲ್ಲ ಕೈಗಳೂ ಒಟ್ಟಿಗೆ ದುರ್ಬಲವಾಗಿದ್ದರೆ ದೋಷವು ಎಲ್ಲಕ್ಕೂ ಸಾಮಾನ್ಯವಾದ ಭಾಗದಲ್ಲಿ, ಎಂದರೆ ಟ್ಯಾಂಕು, ಜಾಲರಿ, ಎಳೆಹೋಸು, ಪಂಪು ಅಥವಾ ಮುಖ್ಯ ರಿಲೀಫ್ ವಾಲ್ವಿನಲ್ಲಿರಬೇಕು. ಒಂದೇ ಕೈ ದುರ್ಬಲವಾಗಿದ್ದು ಉಳಿದುವು ಸರಿಯಾಗಿದ್ದರೆ ಪಂಪನ್ನು ಮುಟ್ಟುವ ಕಾರಣವೇ ಇಲ್ಲ. ಆ ಕೈಯ ಸ್ಪೂಲು, ಅದರ ಪ್ರತ್ಯೇಕ ರಿಲೀಫ್ ವಾಲ್ವು, ಹೋಸು ಮತ್ತು ಸಿಲಿಂಡರುಗಳಲ್ಲಿಯೇ ಹುಡುಕತಕ್ಕದ್ದು. ಎರಡು ಪಂಪುಗಳಿರುವ ಯಂತ್ರದಲ್ಲಿ ಯಾವ ಪಂಪು ಯಾವ ಕೈಗೆ ತೈಲ ಕಳುಹಿಸುವುದೆಂಬುದನ್ನು ಮೊದಲು ಪುಸ್ತಕದಲ್ಲಿ ನೋಡಿಕೊಳ್ಳಬೇಕು.

ಎರಡನೆಯ ನಿಯಮವೇನೆಂದರೆ, ಕಡಿಮೆ ಖರ್ಚಿನ ಪರೀಕ್ಷೆಯನ್ನು ಮೊದಲು ಮಾಡಿ ಹೆಚ್ಚು ಖರ್ಚಿನದನ್ನು ಕೊನೆಗೆ ಮಾಡುವುದು. ತೈಲದ ಮಟ್ಟ, ತೈಲದ ಬಣ್ಣ, ಜಾಲರಿ, ಹೋಸುಗಳ ಜೋಡಣೆ, ಇವನ್ನು ನೋಡಲು ಹಣ ಬೇಕಾದುದಿಲ್ಲ. ಮೂರನೆಯದು, ಒಂದು ಸಲಕ್ಕೆ ಒಂದನ್ನೇ ಬದಲಾಯಿಸಿ ಫಲವನ್ನು ನೋಡುವುದು. ಒಂದೇ ದಿನ ಮೂರು ಭಾಗಗಳನ್ನು ಬದಲಾಯಿಸಿದರೆ ಯಾವುದರಿಂದ ಗುಣವಾಯಿತೆಂಬುದು ತಿಳಿಯುವುದಿಲ್ಲ.

೫. ಲಕ್ಷಣಗಳೂ ಕಾರಣಗಳೂ

ಯಾವ ಕೈಯೂ ಅಲುಗದಿರುವುದು.— ಟ್ಯಾಂಕಿನಲ್ಲಿ ತೈಲವಿದೆಯೇ, ಪಂಪಿನ ಷಾಫ್ಟು ನಿಜವಾಗಿ ತಿರುಗುತ್ತಿದೆಯೇ, ತಿರುಗುವ ದಿಕ್ಕು ಸರಿಯೇ, ಎಳೆಹೋಸಿನಲ್ಲಿ ಗಾಳಿ ನಿಂತಿದೆಯೇ ಎಂಬುದನ್ನು ಕ್ರಮವಾಗಿ ನೋಡಬೇಕು. ಇವೆಲ್ಲವೂ ಸರಿಯಾಗಿದ್ದರೆ ಮುಖ್ಯ ರಿಲೀಫ್ ವಾಲ್ವು ಕೊಳೆಯಿಂದ ತೆರೆದು ನಿಂತಿರಬಹುದು. ಅದನ್ನು ತೆಗೆದು ತೊಳೆದರೆ ಅನೇಕ ವೇಳೆ ಅಷ್ಟರಿಂದಲೇ ಗುಣವಾಗುವುದು.

ಎಲ್ಲವೂ ನಿಧಾನವಾಗಿ, ಪಂಪು ಕೀರಲು ದನಿ ಮಾಡುವುದು.— ಇದು ಪಂಪಿಗೆ ಸಾಕಷ್ಟು ತೈಲವು ಬಾರದಿರುವ ಲಕ್ಷಣವು. ಟ್ಯಾಂಕಿನೊಳಗಣ ಜಾಲರಿಯು ಕಟ್ಟಿರುವುದು, ಎಳೆಹೋಸಿನ ಒಳಪದರವು ಬಿಟ್ಟು ಬಾಗಿಲಿನಂತೆ ಮುಚ್ಚಿಕೊಳ್ಳುವುದು, ಟ್ಯಾಂಕಿನ ಉಸಿರುಬಿಲ್ಲೆಯಾದ ಬ್ರೀದರು ಧೂಳಿನಿಂದ ಮುಚ್ಚಿರುವುದು, ಇವು ಕಾರಣಗಳು. ಟ್ಯಾಂಕಿನ ಮುಚ್ಚಳವನ್ನು ಸಡಿಲಿಸಿದೊಡನೆ ದನಿಯು ಕಡಿಮೆಯಾದರೆ ಬ್ರೀದರೇ ಅಪರಾಧಿಯೆಂದು ತಿಳಿಯಬಹುದು.

ತೈಲವು ಹಾಲಿನಂತೆ ಬೆಳ್ಳಗಾಗುವುದು.— ಇದಕ್ಕೆ ಗಾಳಿ ಇಲ್ಲವೆ ನೀರು ಕಾರಣವು. ಗಾಜಿನ ಬಾಟಲಿಯಲ್ಲಿ ತೈಲವನ್ನು ಹಿಡಿದು ಸ್ವಲ್ಪ ಹೊತ್ತು ಅಲುಗಿಸದೆ ಇಡಬೇಕು. ಗುಳ್ಳೆಗಳು ಮೇಲಕ್ಕೇರಿ ತಳದಿಂದ ಮೇಲಕ್ಕೆ ತಿಳಿಯಾಗುತ್ತ ಬಂದರೆ ಅದು ಗಾಳಿ. ಬಹು ಹೊತ್ತಾದರೂ ಬೆಳ್ಳಗೇ ಇದ್ದರೆ, ಅಥವಾ ತಳದಲ್ಲಿ ನೀರು ಬೇರೆಯಾಗಿ ನಿಂತರೆ, ಅದು ನೀರು. ಕಾದ ತಗಡಿನ ಮೇಲೆ ಎರಡು ಹನಿ ಹಾಕಿದಾಗ ಚಟಚಟನೆ ಸಿಡಿದರೂ ನೀರಿದೆಯೆಂದೇ ಅರ್ಥ. ಗಾಳಿಯು ಸಾಮಾನ್ಯವಾಗಿ ಎಳೆಹೋಸಿನ ಸಡಿಲವಾದ ಕ್ಲಿಪ್ಪಿನಿಂದಲೋ ಪಂಪಿನ ಷಾಫ್ಟಿನ ಸೀಲಿನಿಂದಲೋ ಒಳನುಗ್ಗುವುದು. ಈ ಕಡೆಯಲ್ಲಿ ಒತ್ತಡವಿಲ್ಲದೆ ಎಳೆತವಿರುವುದರಿಂದ ತೈಲವು ಹೊರಕ್ಕೆ ಸೋರುವುದಿಲ್ಲ, ಗಾಳಿಯು ಒಳಕ್ಕೆ ಹೋಗುವುದು. ಎಳೆಹೋಸಿನ ಜೋಡಣೆಗಳಿಗೆ ಒಂದೊಂದಾಗಿ ಗ್ರೀಸನ್ನು ಬಳಿದು ನೋಡಿದರೆ, ಯಾವುದಕ್ಕೆ ಬಳಿದಾಗ ದನಿಯು ಬದಲಾಗುವುದೋ ಅಲ್ಲಿಯೇ ಸಂದು ಇರುವುದು.

ಬೆಳಿಗ್ಗೆ ಸರಿಯಾಗಿದ್ದು ಕಾದ ಮೇಲೆ ಸೋಲುವುದು.— ಕಾದಂತೆಲ್ಲ ತೈಲವು ತೆಳುವಾಗಿ, ಸವೆದ ಸಂದುಗಳಲ್ಲಿ ಹೆಚ್ಚಾಗಿ ಜಾರಿಹೋಗುವುದು. ಪಂಪು ಸವೆದಿರುವುದಕ್ಕೆ ಇದು ಪ್ರಬಲವಾದ ಸೂಚನೆ. ಕೈಗಡಿಯಾರವನ್ನು ಹಿಡಿದು ಲೋಡರಿನ ಕೈ ನೆಲದಿಂದ ತುದಿಯವರೆಗೆ ಏರಲು ಎಷ್ಟು ಸೆಕೆಂಡು ಬೇಕೆಂಬುದನ್ನು ತಣ್ಣಗಿರುವಾಗಲೊಮ್ಮೆ, ಎರಡು ಗಂಟೆ ಕೆಲಸವಾದ ಮೇಲೊಮ್ಮೆ, ಒಂದೇ ಎಂಜಿನ್ ವೇಗದಲ್ಲಿ ಬರೆದಿಟ್ಟುಕೊಳ್ಳತಕ್ಕದ್ದು. ವ್ಯತ್ಯಾಸವು ಹೆಚ್ಚಾಗಿದ್ದರೆ ಒಳಸೋರಿಕೆಯಿದೆ. ಆದರೆ ಅದಕ್ಕೆ ಮೊದಲು ತೈಲದ ನಂಬರನ್ನು ವಿಚಾರಿಸಬೇಕು. ೬೮ನೆಯ ನಂಬರಿನ ತೈಲವನ್ನು ಹೇಳಿರುವ ಯಂತ್ರಕ್ಕೆ ತೆಳುವಾದ ತೈಲವನ್ನು ಹಾಕಿದ್ದರೂ ಇದೇ ಲಕ್ಷಣವು ಕಾಣುವುದು.

ತೈಲವು ಮಿತಿಮೀರಿ ಕಾಯುವುದು.— ತೈಲದ ಕಾವು ೮೦ ಡಿಗ್ರಿ ಸೆಂಟಿಗ್ರೇಡನ್ನು ದಾಟಿದರೆ ಸೀಲುಗಳೂ ತೈಲವೂ ಬೇಗನೆ ಕೆಡುವುವು. ಕಬ್ಬಿನ ತರಗು ಮತ್ತು ಧೂಳು ಕೂಲರಿನ ರೆಕ್ಕೆಗಳಲ್ಲಿ ಕೂತಿರುವುದು ನಮ್ಮ ಕಡೆ ಸಾಮಾನ್ಯವಾದ ಕಾರಣ. ಅದಲ್ಲವಾದರೆ ರಿಲೀಫ್ ವಾಲ್ವಿನ ಮೂಲಕ ತೈಲವು ಸದಾ ಹರಿಯುತ್ತಿರಬಹುದು. ಕೆಲಸವನ್ನು ಮಾಡದೆ ಹರಿದ ತೈಲದ ಶಕ್ತಿಯೆಲ್ಲವೂ ಕಾವಾಗಿ ಪರಿಣಮಿಸುವುದು.

ಎತ್ತಿದ್ದು ತಾನಾಗಿ ಇಳಿಯುವುದು.— ಇದನ್ನು ಕಂಡೊಡನೆ ಸಿಲಿಂಡರಿನ ಪಿಸ್ಟನ್ ಸೀಲನ್ನು ಬದಲಾಯಿಸಬೇಕೆನ್ನುವುದು ವಾಡಿಕೆ. ಇಲ್ಲಿ ಸ್ವಲ್ಪ ಯೋಚಿಸಬೇಕು. ಲೋಡರಿನ ಕೈಯಲ್ಲಿ ಭಾರವು ರಾಡನ್ನು ಒಳಕ್ಕೆ ತಳ್ಳುವುದು. ಪಿಸ್ಟನ್ ಸೀಲು ಸೋರಿದರೂ, ವಾಲ್ವಿನ ಎರಡು ದಾರಿಗಳೂ ಬಿಗಿಯಾಗಿ ಮುಚ್ಚಿದ್ದರೆ, ಒಳಕ್ಕೆ ಬರುವ ರಾಡಿಗೆ ಸ್ಥಳ ಕೊಡಲು ತೈಲವು ಎಲ್ಲಿಗೂ ಹೋಗಲಾರದು. ಆದ್ದರಿಂದ ಕೈಯು ಸ್ವಲ್ಪ ಇಳಿದು ನಿಲ್ಲಬೇಕೇ ಹೊರತು ನೆಲದವರೆಗೆ ಇಳಿಯಲಾರದು. ಹೊರಗೆಲ್ಲಿಯೂ ಸೋರದೆ ನೆಲದವರೆಗೆ ಇಳಿಯುತ್ತಿದ್ದರೆ ಮೊದಲು ಸ್ಪೂಲನ್ನೂ ಆ ಕೈಯ ರಿಲೀಫ್ ವಾಲ್ವನ್ನೂ ಶಂಕಿಸತಕ್ಕದ್ದು. ಅದೇ ಅಳತೆಯ ರಿಲೀಫ್ ವಾಲ್ವು ಬೇರೊಂದು ಕೈಗೂ ಇದ್ದರೆ ಎರಡನ್ನೂ ಅದಲುಬದಲು ಮಾಡಿ ನೋಡಬಹುದು. ದೋಷವು ಆ ಕೈಗೆ ಹೋದರೆ ವಾಲ್ವಿನದೇ ತಪ್ಪು. ಭಾರವು ರಾಡನ್ನು ಹೊರಕ್ಕೆ ಎಳೆಯುವ ಸಿಲಿಂಡರಿನಲ್ಲಿ ಮಾತ್ರ ಪಿಸ್ಟನ್ ಸೀಲೊಂದರ ಸೋರಿಕೆಯೇ ಇಳಿತಕ್ಕೆ ಸಾಕು.

೬. ರಿಲೀಫ್ ವಾಲ್ವಿನ ವಿಷಯದಲ್ಲಿ ಎಚ್ಚರಿಕೆ

ಕೆರೆಗೆ ಕೋಡಿಯು ಹೇಗೋ ಹೈಡ್ರಾಲಿಕ್ ಯಂತ್ರಕ್ಕೆ ರಿಲೀಫ್ ವಾಲ್ವು ಹಾಗೆ. ಕೋಡಿಯನ್ನು ತಗ್ಗಿಸಿದರೆ ಕೆರೆಯು ಎಂದಿಗೂ ತುಂಬದು. ಹೆಚ್ಚು ನೀರಿನ ಆಸೆಯಿಂದ ಕೋಡಿಗೆ ಕಲ್ಲಿಟ್ಟು ಎತ್ತರಿಸಿದರೆ ಒಂದು ರಾತ್ರಿ ಏರಿಯೇ ಒಡೆಯುವುದು. ಯಂತ್ರವು ಎತ್ತದಿದ್ದಾಗ ಗೇಜನ್ನು ಹಾಕದೆ ರಿಲೀಫ್ ವಾಲ್ವಿನ ಸ್ಕ್ರೂವನ್ನು ಬಿಗಿಯುತ್ತ ಹೋಗುವುದು ಕೋಡಿಗೆ ಕಲ್ಲಿಡುವ ಕೆಲಸವೇ ಸರಿ. ಪಂಪು ಸವೆದಿದ್ದರೆ ಸ್ಕ್ರೂ ಬಿಗಿದುದರಿಂದ ಲಾಭವಿಲ್ಲ. ಮುಂದೆ ಹೊಸ ಪಂಪು ಹಾಕಿದ ದಿನ, ಬಿಗಿದಿದ್ದ ಸ್ಕ್ರೂವಿನಿಂದಾಗಿ ಒತ್ತಡವು ಮಿತಿಮೀರಿ ಹೋಸು ಸಿಡಿಯಬಹುದು, ರಾಡು ಬಾಗಬಹುದು, ಕೈಯ ಬೆಸುಗೆಯೇ ಬಿರಿಯಬಹುದು.

ಟ್ರಾಕ್ಟರುಗಳ ಲಿಫ್ಟಿನಲ್ಲಿ ಒತ್ತಡವು ಸಾಮಾನ್ಯವಾಗಿ ೧೫೦ರಿಂದ ೨೦೦ ಬಾರ್, ಅಗೆಯುವ ಯಂತ್ರಗಳಲ್ಲಿ ೨೦೦ರಿಂದ ೨೫೦ ಬಾರ್ ಸುಮಾರಿನಲ್ಲಿರುವುದು. ಒಂದು ಬಾರ್ ಎಂದರೆ ಚದರ ಸೆಂಟಿಮೀಟರಿಗೆ ಒಂದು ಕಿಲೋಗ್ರಾಮಿಗಿಂತ ಸ್ವಲ್ಪ ಹೆಚ್ಚು. ಆದರೆ ಆಯಾ ಯಂತ್ರದ ಪುಸ್ತಕದಲ್ಲಿರುವ ಅಂಕೆಯೇ ಪ್ರಮಾಣವು. ಗೇಜಿಲ್ಲದ ವರ್ಕ್‌ಷಾಪಿನಲ್ಲಿ ಈ ವಾಲ್ವನ್ನು ಮುಟ್ಟಗೊಡಿಸಬಾರದು.

೭. ಟ್ರಾಕ್ಟರುಗಳಲ್ಲಿ ವಿಶೇಷವಾಗಿ ನೋಡತಕ್ಕವು

ಅನೇಕ ಟ್ರಾಕ್ಟರುಗಳಲ್ಲಿ ಲಿಫ್ಟಿಗೂ, ಗೇರುಪೆಟ್ಟಿಗೆಗೂ, ಹಿಂದಿನ ಆಕ್ಸಲಿಗೂ ಒಂದೇ ತೈಲವಿರುವುದು. ಭತ್ತದ ಗದ್ದೆಯಲ್ಲಿ ಕೆಸರು ಮಾಡುವಾಗ ಸವೆದ ಆಕ್ಸಲ್ ಸೀಲಿನಿಂದ ನೀರು ಒಳಸೇರಿ, ಲಿಫ್ಟಿನ ಪಂಪನ್ನೂ ವಾಲ್ವನ್ನೂ ತುಕ್ಕುಹಿಡಿಸುವುದು. ನಾಲೆಯ ಬಯಲಿನಲ್ಲಿ ದುಡಿದ ಹಳೆಯ ಟ್ರಾಕ್ಟರಿನ ಲಿಫ್ಟನ್ನು ರಿಪೇರಿ ಮಾಡಿಸುವವರು ಆಕ್ಸಲಿನ ಸೀಲನ್ನೂ ಜೊತೆಯಲ್ಲಿಯೇ ಬದಲಾಯಿಸದಿದ್ದರೆ ಮುಂದಿನ ನಾಟಿಯ ಕಾಲಕ್ಕೆ ಮತ್ತೆ ಅದೇ ಕಾಯಿಲೆ ಬರುವುದು.

ನೇಗಿಲನ್ನು ಎತ್ತಿ ನಿಲ್ಲಿಸಿದಾಗ ಎಂಜಿನ್ನು ನಡೆಯುತ್ತಿರುವಂತೆಯೇ ಲಿಫ್ಟು ಬಿಕ್ಕಳಿಸಿದ ಹಾಗೆ ಸ್ವಲ್ಪ ಇಳಿದು ಪುನಃ ಏರುತ್ತಿದ್ದರೆ, ಒಳಗೆ ಸೋರಿದ ತೈಲವನ್ನು ವಾಲ್ವು ಆಗಾಗ್ಗೆ ತುಂಬುತ್ತಿದೆಯೆಂದು ತಿಳಿಯಬೇಕು. ತುದಿಗೆ ಏರಿದ ಮೇಲೆಯೂ ಪಂಪು ನರಳುತ್ತಿದ್ದರೆ ಲಿವರಿನ ಒಳಜೋಡಣೆಯನ್ನು ಸರಿಯಾಗಿ ಹೊಂದಿಸಿಲ್ಲ. ತೊಟ್ಟಿಯನ್ನು ಎತ್ತಿ ಸುರಿಯುವ ಟ್ರೈಲರಿನ ಸಿಲಿಂಡರು ಟ್ರಾಕ್ಟರಿನ ತೈಲವನ್ನೇ ಎಳೆದುಕೊಳ್ಳುವುದರಿಂದ, ಅಂತಹ ಟ್ರೈಲರನ್ನು ಕಟ್ಟುವವರು ತೈಲದ ಮಟ್ಟವನ್ನು ಹೆಚ್ಚು ಜಾಗ್ರತೆಯಿಂದ ನೋಡತಕ್ಕದ್ದು.

೮. ಒಂದು ದೃಷ್ಟಾಂತ

ಮಳವಳ್ಳಿಯ ಕಡೆಯ ಜಮೀನುದಾರರೊಬ್ಬರು ರಿಪೇರಿಯಾದ ಅಗೆಯುವ ಯಂತ್ರವನ್ನು ಕೆರೆಯ ಹೂಳೆತ್ತಲು ತಂದರೆಂದು ಭಾವಿಸೋಣ. ಬೆಳಿಗ್ಗೆ ಎರಡು ಗಂಟೆ ಯಂತ್ರವು ಚೆನ್ನಾಗಿ ನಡೆಯಿತು. ಆಮೇಲೆ ಮುಂದಿನ ಲೋಡರೂ ಹಿಂದಿನ ಅಗೆಯುವ ಕೈಯೂ ನಿಧಾನವಾದುವು. ಪಂಪಿನಲ್ಲಿ ಕೀರಲು ದನಿಯಿಲ್ಲ, ತೈಲವು ತಿಳಿಯಾಗಿದೆ. ಎಲ್ಲ ಸಿಲಿಂಡರುಗಳ ಸೀಲನ್ನೂ ಬದಲಾಯಿಸಬೇಕೆಂದು ಮೆಕ್ಯಾನಿಕ್ಕನು ಹೇಳಿದನು. ಇದನ್ನು ಒಪ್ಪಬಹುದೇ?

ಎಲ್ಲ ಕೈಗಳೂ ಒಟ್ಟಿಗೆ ಸೋತುದರಿಂದ ದೋಷವು ಸಾಮಾನ್ಯ ಭಾಗದಲ್ಲಿರಬೇಕು. ಎಲ್ಲ ಸಿಲಿಂಡರುಗಳೂ ಒಂದೇ ಗಳಿಗೆಯಲ್ಲಿ ಕೆಡುವುದು ಸಂಭವವಲ್ಲ. ಕೀರಲು ದನಿಯಾಗಲಿ ನೊರೆಯಾಗಲಿ ಇಲ್ಲದ್ದರಿಂದ ಪಂಪಿಗೆ ತೈಲವು ಸಾಕಷ್ಟು ಬರುತ್ತಿದೆ. ತಣ್ಣಗಿದ್ದಾಗ ಸರಿಯಾಗಿ, ಕಾದಾಗ ಮಾತ್ರ ಸೋಲುವುದರಿಂದ ಒಳಸೋರಿಕೆ ಅಥವಾ ತೆಳುವಾದ ತೈಲವು ಕಾರಣವು. ಮೊದಲು ತೈಲದ ನಂಬರನ್ನೂ ಕೂಲರನ್ನೂ ನೋಡಬೇಕು. ಅವು ಸರಿಯಾಗಿದ್ದರೆ ಗೇಜನ್ನು ಹಾಕಿ, ಕಾದ ಸ್ಥಿತಿಯಲ್ಲಿ ಒಂದು ಕೈಯನ್ನು ಕೊನೆಗೆ ಕೊಂಡುಹೋಗಿ ಒತ್ತಡವನ್ನು ಓದಬೇಕು. ಎಂಜಿನ್ನು ಮೆಲ್ಲಗಿರುವಾಗ ಒತ್ತಡವು ಬಿದ್ದು, ಜೋರಾದಾಗ ಏರಿದರೆ ಪಂಪು ಸವೆದಿರುವುದು ಬಹುಮಟ್ಟಿಗೆ ನಿಶ್ಚಯ. ಎಂಜಿನ್ನು ಎಷ್ಟು ಜೋರಾದರೂ ಒಂದೇ ಕಡಿಮೆ ಅಂಕೆಯಲ್ಲಿ ನಿಂತರೆ ರಿಲೀಫ್ ವಾಲ್ವನ್ನು ತೆಗೆದು ನೋಡಬೇಕು. ಈ ವಿಚಾರದಿಂದ ಬೇಡದ ಸೀಲುಗಳ ಖರ್ಚೂ ಹಲವು ದಿನಗಳ ಕೆಲಸವೂ ಉಳಿಯುವುವು. ಕೆರೆಗೆ ಮಳೆ ಬೀಳುವ ಮೊದಲು ಹೂಳು ಹೊರಬೀಳುವುದು.

೯. ಪ್ರಾಣಾಪಾಯದ ವಿಷಯ

ಯಂತ್ರವು ಕೆಟ್ಟರೆ ಸರಿಮಾಡಿಸಬಹುದು. ಮನುಷ್ಯನ ವಿಷಯದಲ್ಲಿ ಹಾಗಲ್ಲ. ಒತ್ತಡದಲ್ಲಿರುವ ಹೋಸಿನಲ್ಲಿ ಸೂಜಿಯ ಮೊನೆಯಷ್ಟು ರಂಧ್ರವಾದರೂ ಅಲ್ಲಿಂದ ಚಿಮ್ಮುವ ತೈಲವು ಚರ್ಮವನ್ನು ಭೇದಿಸಿ ಒಳಹೊಗುವುದು. ಸೋರುವ ಸ್ಥಳವನ್ನು ಬೆರಳಿನಿಂದ ತಡವಿ ನೋಡುವ ಅಭ್ಯಾಸವನ್ನು ಯಜಮಾನರು ಕಡ್ಡಾಯವಾಗಿ ನಿಲ್ಲಿಸತಕ್ಕದ್ದು. ರಟ್ಟಿನ ತುಂಡನ್ನು ಹಿಡಿದು ನೋಡಬೇಕು, ಕಣ್ಣಿಗೆ ಕನ್ನಡಕವಿರಬೇಕು. ತೈಲವು ಚರ್ಮದೊಳಕ್ಕೆ ಹೊಕ್ಕಾಗ ಮೊದಮೊದಲು ಸಣ್ಣ ಚುಚ್ಚಿದ ಗುರುತು ಮಾತ್ರ ಕಂಡು ನೋವು ಅಷ್ಟಾಗಿ ಇಲ್ಲದಿರಬಹುದು. ಇದನ್ನು ಅಲ್ಪವೆಂದೆಣಿಸಿ ಅರಿಸಿನ ಹಚ್ಚಿ ಮನೆಯಲ್ಲಿರಿಸಿದರೆ ಮಾಂಸವು ಕೊಳೆತು ಬೆರಳನ್ನೋ ಕೈಯನ್ನೋ ಕತ್ತರಿಸಬೇಕಾಗುವುದು. ಕೂಡಲೇ ಶಸ್ತ್ರಚಿಕಿತ್ಸೆಯ ಸೌಕರ್ಯವುಳ್ಳ ದೊಡ್ಡ ಆಸ್ಪತ್ರೆಗೆ ಕರೆದೊಯ್ದು, ಒತ್ತಡದ ತೈಲವು ಒಳಹೊಕ್ಕಿದೆಯೆಂದು ವೈದ್ಯರಿಗೆ ಸ್ಪಷ್ಟವಾಗಿ ತಿಳಿಸತಕ್ಕದ್ದು.

ಎತ್ತಿದ ಬಕೆಟ್ಟಿನ ಕೆಳಗೆ, ಎತ್ತಿದ ಟ್ರೈಲರಿನ ತೊಟ್ಟಿಯ ಕೆಳಗೆ, ಎತ್ತಿದ ನೇಗಿಲಿನ ಕೆಳಗೆ ಯಾರೂ ಹೋಗಕೂಡದು. ರಿಪೇರಿಯ ನಿಮಿತ್ತ ಹೋಗಲೇಬೇಕಾದರೆ ಯಂತ್ರದೊಂದಿಗೆ ಬರುವ ಉಕ್ಕಿನ ಆಸರೆಯನ್ನು ಸಿಲಿಂಡರಿನ ರಾಡಿಗೆ ಕೂಡಿಸಿ ಹೋಗಬೇಕು. ಇಟ್ಟಿಗೆ, ಕಲ್ಲು, ಜಾಕಿಗಳನ್ನು ನಂಬಬಾರದು. ಯಾವ ಹೋಸನ್ನು ಬಿಚ್ಚುವುದಕ್ಕೂ ಮೊದಲು ಎಲ್ಲ ಕೈಗಳನ್ನೂ ನೆಲಕ್ಕಿಳಿಸಿ, ಎಂಜಿನ್ನು ನಿಲ್ಲಿಸಿ, ಲಿವರುಗಳನ್ನು ಎರಡೂ ಕಡೆಗೆ ಕೆಲವು ಸಲ ಆಡಿಸಿ ಒಳಗೆ ನಿಂತ ಒತ್ತಡವನ್ನು ಬಿಡಬೇಕು. ಪರೀಕ್ಷೆಯ ಸಮಯದಲ್ಲಿ ನೋಡಲು ಗುಂಪುಗೂಡುವ ಹುಡುಗರನ್ನು ದೂರವಿರಿಸುವುದು ಯಜಮಾನರ ಹೊಣೆ.

೧೦. ಯಂತ್ರವನ್ನು ಒಪ್ಪಿಕೊಳ್ಳುವ ಮೊದಲು

ರಿಪೇರಿಯಾದ ಯಂತ್ರವನ್ನು ಕೊಳ್ಳುವವರೂ, ಊರಿನ ಕೆಲಸಕ್ಕೆ ಬಾಡಿಗೆಗೆ ಗೊತ್ತುಮಾಡುವ ಮುಖಂಡರೂ ಈ ಕೆಳಗಣ ಪರೀಕ್ಷೆಗಳನ್ನು ಮಾಡಿಸತಕ್ಕದ್ದು.

(೧) ಯಂತ್ರವನ್ನು ಮೊದಲೇ ಕಾಯಿಸಿಡದೆ ತಣ್ಣಗಿರುವಾಗ ಚಾಲೂ ಮಾಡಿಸುವುದು. ಕನಿಷ್ಠ ಎರಡು ಗಂಟೆ ನಿಜವಾದ ಮಣ್ಣಿನಲ್ಲಿ ಕೆಲಸಮಾಡಿಸುವುದು.

(೨) ಪ್ರತಿಯೊಂದು ಕೈಯ ವೇಗವನ್ನೂ ತಣ್ಣಗಿರುವಾಗ ಮತ್ತು ಕಾದಾಗ ಸೆಕೆಂಡುಗಳಲ್ಲಿ ಬರೆಯುವುದು.

(೩) ತುಂಬಿದ ಬಕೆಟ್ಟನ್ನು ಎದೆಯೆತ್ತರಕ್ಕೆ ಎತ್ತಿ, ಎಂಜಿನ್ನು ನಿಲ್ಲಿಸಿ, ಹತ್ತು ನಿಮಿಷದಲ್ಲಿ ಎಷ್ಟು ಇಳಿಯಿತೆಂಬುದನ್ನು ದೂರದಲ್ಲಿ ನಿಂತು ಅಳೆಯುವುದು.

(೪) ರಾಡುಗಳ ಮೇಲೆ ಗೀರು, ತುಕ್ಕು, ಬಾಗು ಇವೆಯೇ ಎಂದು ನೋಡುವುದು. ಗೀರುಬಿದ್ದ ರಾಡು ಹೊಸ ಸೀಲನ್ನು ಕೆಲವೇ ದಿನಗಳಲ್ಲಿ ಹರಿಯುವುದು.

(೫) ಗೇಜಿನಿಂದ ಅಳೆದ ಒತ್ತಡ, ಹಾಕಿದ ತೈಲದ ನಂಬರು, ಬದಲಾಯಿಸಿದ ಭಾಗಗಳ ಪಟ್ಟಿ, ಇವನ್ನು ವರ್ಕ್‌ಷಾಪಿನವರಿಂದ ಬರಹದಲ್ಲಿ ಪಡೆಯುವುದು. ತೆಗೆದ ಹಳೆಯ ಭಾಗಗಳನ್ನು ಕೇಳಿ ನೋಡುವುದು.

(೬) ಹಣದ ಒಂದು ಭಾಗವನ್ನು ೫೦ ಗಂಟೆಗಳ ಕೆಲಸವಾಗಿ ಫಿಲ್ಟರನ್ನು ಸೀಳಿ ನೋಡುವವರೆಗೆ ಉಳಿಸಿಕೊಳ್ಳುವುದಾಗಿ ಮೊದಲೇ ಬರೆಯಿಸಿಕೊಳ್ಳುವುದು.

ಸ್ವಂತ ಯಂತ್ರವನ್ನು ಕೊಳ್ಳುವಷ್ಟು ಕೆಲಸವಿಲ್ಲದವರು ಸಾಲಮಾಡಿ ಹಳೆಯ ಯಂತ್ರವನ್ನು ತರುವುದಕ್ಕಿಂತ ಬಾಡಿಗೆಯ ಏರ್ಪಾಡನ್ನು ವಿಚಾರಿಸುವುದು ಲೇಸು. ಕೃಷಿ ಯಂತ್ರಗಳನ್ನು ಬಾಡಿಗೆಗೆ ಒದಗಿಸುವ ಕೃಷಿ ಯಂತ್ರಧಾರೆ ಕೇಂದ್ರಗಳು ನಮ್ಮ ರಾಜ್ಯದಲ್ಲಿ ೨೦೧೪-೧೫ರಲ್ಲಿ ಆರಂಭವಾದುವು.

ಪ್ರತಿ ಯಂತ್ರಕ್ಕೂ ಒಂದು ಲೆಕ್ಕದ ಪುಸ್ತಕವನ್ನಿಟ್ಟು, ಕೆಲಸದ ಗಂಟೆ, ಹಾಕಿದ ತೈಲ, ಬದಲಾಯಿಸಿದ ಫಿಲ್ಟರು, ಕೈಗಳ ವೇಗ ಇವನ್ನು ತಿಂಗಳಿಗೊಮ್ಮೆ ಬರೆಯುತ್ತ ಬಂದರೆ, ದೋಷವು ದೊಡ್ಡದಾಗುವುದಕ್ಕೆ ಮೊದಲೇ ಅಂಕೆಗಳು ಅದನ್ನು ತೋರಿಸುವುವು. ತೈಲವನ್ನು ಶುದ್ಧವಾಗಿಡುವುದು, ಎಲ್ಲ ಕೈಗಳ ದೋಷವೋ ಒಂದರ ದೋಷವೋ ಎಂದು ಮೊದಲು ವಿಂಗಡಿಸುವುದು, ಗೇಜಿಲ್ಲದೆ ರಿಲೀಫ್ ವಾಲ್ವನ್ನು ಮುಟ್ಟದಿರುವುದು, ಎತ್ತಿದ ಭಾರದ ಕೆಳಗೆ ಹೋಗದಿರುವುದು, ಈ ನಾಲ್ಕನ್ನು ಗ್ರಾಮದ ಮುಖಂಡರೂ ಜಮೀನುದಾರರೂ ತಮ್ಮ ಆಪರೇಟರುಗಳಿಗೆ ತಿಳಿಯಹೇಳಿ ಆಚರಣೆಗೆ ತರಬೇಕೆಂದು ಕೋರಲಾಗಿದೆ.